ಮೂರು ಮುಖಗಳ ಪುಸ್ತಕ

ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರನ್ನು ಚಿಟಿಕೆ ಚಿಟಿಕೆಯಾಗಿ ಕಿತ್ತು ಅಂಗೈಯಲ್ಲಿ ಉಂಡೆ ಕಟ್ಟುತ್ತಿದ್ದಳು ಬುರುಲ್. ಹಲಗೆಯ ಮೇಲೆ ಆಗಲೇ ಆರು ಸಾಲು ಕುರುತ್ ಉಂಡೆ ಬಿಸಿಲಿಗೆ ಕೂತಿತ್ತು. ಏಳನೆಯ ಸಾಲಿಗೆ ಜಾಗ ಸಾಲದೆ ಹಲಗೆ ಸರಿಸಲೆಂದು ಎದ್ದಳು. ಎದ್ದಿದ್ದೇ ತಡ, ಕಣ್ಣ ಮುಂದೆ ಕಪ್ಪು ಪರದೆ ಇಳಿಯಿತು. ಹುಲ್ಲುಗಾವಲು, ಹಗ್ಗಕ್ಕೆ ಸಾಲಾಗಿ ಕಟ್ಟಿದ್ದ ಕುದುರೆಮರಿಗಳು, ಎದುರಿನ ಹಿಮದ ಬೆಟ್ಟ ಎಲ್ಲವೂ ಒಂದೇ ಸಲ ಮಾಯವಾದವು. ಗುಡಾರ ಬಿಗಿದ ಹಗ್ಗ ಕೈಗೆ ಸಿಕ್ಕಿತು. ಅದನ್ನೇ ಹಿಡಿದು ನಿಂತು ಮನಸ್ಸಿನಲ್ಲೇ ಎಣಿಸಿದಳು. ಒಂಬತ್ತಕ್ಕೆ ಬೆಟ್ಟ ಮರಳಿ ಬಂತು. ಗುಳಿಗೆ ನುಂಗಲು ಶುರು ಮಾಡಿದ ಮೊದಲ ವಾರದಲ್ಲಿ ಐದಕ್ಕೇ ಬರುತ್ತಿತ್ತು.

ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದಳು. ಯಾರೂ ಇರಲಿಲ್ಲ. ಹಲಗೆ ಸರಿಸಿ ಮತ್ತೆ ಕೂತಳು.

ಇವತ್ತು ಡಾಕ್ಟರ್ ನಾಜಿರಾ ಬರುವ ದಿನ. ಮೂರು ವಾರಕ್ಕೊಮ್ಮೆ ರಾಜಧಾನಿ ಬಿಷ್ಕೆಕ್‌ನಿಂದ ಬಂದು, ಈ ಎತ್ತರದಲ್ಲಿ ಬೇಸಿಗೆ ಕಳೆಯುವವರ ರಕ್ತ ತೆಗೆದು, ಉಸಿರು ಅಳೆದು, ಹೊಸ ಗುಳಿಗೆಯ ಡಬ್ಬಿ ಕೊಟ್ಟು ಹೋಗುತ್ತಾಳೆ. ಎತ್ತರದ ಗಾಳಿಗೆ ಎದೆ ಸೋತು, ಕಾಲು ಬಾತು ಸಾಯುವವರಿಗೆ ಈ ಗುಳಿಗೆಯಿಂದ ಉಪಯೋಗವಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಾರೆ. ಒಟ್ಟು ಆರು ಭೇಟಿ. ಇದು ನಾಲ್ಕನೆಯದು.

"ಬುರುಲ್, ಕೈ ತೊಳ್ಕೊಂಡು ಬಾ. ನಮ್ಮ ಪುಸ್ತಕ ಬೇರೆ ತುಂಬಿಸ್ಬೇಕಲ್ಲ!"

ಅತ್ತೆ ಊಲ್ಕನ್ ಅಪಾ ಪಕ್ಕದ ಗುಡಾರದ ಬಾತ್ಮಾಳನ್ನೂ ಎಳೆದುಕೊಂಡು ಬಂದಿದ್ದಳು. ಇಬ್ಬರ ಕೈಯಲ್ಲೂ ಅಂಗೈ ಅಗಲದ ಪುಸ್ತಕ. ಅದರಲ್ಲಿ ದಿನಕ್ಕೊಂದು ಸಾಲು, ಸಾಲಿಗೆ ಮೂರು ದುಂಡು ಮುಖ: ನಗುವುದು, ಸುಮ್ಮನಿರುವುದು, ಅಳುವುದು. ಗುಳಿಗೆ ನುಂಗಿದ ಮೇಲೆ ಮೈ ಹೇಗಿತ್ತೋ ಆ ಮುಖಕ್ಕೆ ಗುರುತು ಹಾಕಬೇಕು. ಪಕ್ಕದಲ್ಲಿ ಎರಡು ಮಾತು ಬರೆಯಲು ಜಾಗ.

"ಹದಿನೆಂಟು ದಿನದ್ದು ಖಾಲಿ ಇದೆ ಅಪಾ. ದಿನಾ ಹಾಕಿ ಅಂದಿದ್ರಲ್ಲ ಅವರು."

"ದಿನಾ ಹಾಕಿದ್ರೂ ನಗೋ ಮುಖಾನೇ, ಒಟ್ಟಿಗೆ ಹಾಕಿದ್ರೂ ನಗೋ ಮುಖಾನೇ. ಕನ್ನಡಕ ಊರಲ್ಲೇ ಬಿಟ್ ಬಂದಿದೀನಿ ಅಂತ ನಿನ್ನ ಕರೆದೆ. ಹಾಕು, ಹಾಕು."

"ನಂದಕ್ಕೆ ಒಂದೆರಡು ಸಪ್ಪೆ ಮುಖಾನೂ ಹಾಕು ಎಜೆ," ಎಂದಳು ಬಾತ್ಮಾ. ವಯಸ್ಸಿನಲ್ಲಿ ಎರಡೇ ವರ್ಷ ಚಿಕ್ಕವಳಾದರೂ ಬುರುಲ್‌ಳನ್ನು ಅಕ್ಕನೆಂದೇ ಕರೆಯುವುದು ಅವಳ ರೂಢಿ. "ಇಲ್ದಿದ್ರೆ ಒಂದೇ ದಿನ ಕೂತು ತುಂಬಿಸಿದ್ದು ಅಂತ ಗೊತ್ತಾಗ್ಬಿಡತ್ತೆ."

"ಯಾವತ್ತು ಸಪ್ಪೆ ಹಾಕ್ಲಿ?"

"ನನ್ ಗಂಡ ಪೇಟೆಯಿಂದ ವಾಪಸ್ ಬಂದ್ನಲ್ಲ, ಅವತ್ತು."

ಊಲ್ಕನ್ ಅಪಾ ತೊಡೆ ತಟ್ಟಿಕೊಂಡು ನಕ್ಕಳು. ಬುರುಲ್‌ಗೂ ನಗು ಉಕ್ಕಿ ಬಂತು, ಅದರ ಜೊತೆಗೇ ಕೈಯೂ ಬಾಯಿಗೆ ಹೋಯಿತು. ಹನ್ನೊಂದು ವರ್ಷದ ಹಿಂದೆ ಹಾಲು ಕರೆಯುವಾಗ ಕುದುರೆ ತಲೆ ಕೊಡವಿ ಎದುರಿನ ಎರಡು ಹಲ್ಲು ಹೋದಾಗಿನಿಂದ ಅವಳು ತೋಳಿನ ಮರೆಯಿಲ್ಲದೆ ನಕ್ಕವಳಲ್ಲ. ನೆಂಟರ ಮದುವೆಯ ಫೋಟೋಗಳಲ್ಲೆಲ್ಲ ಬುರುಲ್ ಎಂದರೆ ಎರಡು ಕಣ್ಣು, ಒಂದು ತೋಳು.

ಆ ಹಲ್ಲುಗಳ ವಿಷಯ ಈ ಬೇಸಿಗೆಯಲ್ಲಿ ಬೇರೆಯಾಗಿತ್ತು. ನಾರಿನ್ ಪಟ್ಟಣದ ಹಲ್ಲಿನ ಡಾಕ್ಟರ್ ಎರಡು ಹಲ್ಲು ಕಟ್ಟಲು ಕೇಳಿದ್ದ ಹಣ ಈ ಆರು ಭೇಟಿಗಳಲ್ಲಿ ನಾಜಿರಾ ಕೊಡುವ ದುಡ್ಡಿನಿಂದ ಸರಿಯಾಗಿ ಹೊಂದುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೊದಲ ಸಲ ನೋಟು ತಂದು ಗಂಡ ಕುಬಾತ್‌ನ ಮುಂದಿಟ್ಟಾಗ ಅವನು ಜೀನು ಹೊಲಿಯುವುದನ್ನು ನಿಲ್ಲಿಸದೆಯೇ, "ನಿನ್ನ ಹೊತ್ತಿಗೆ ಕೊಟ್ಟಿದ್ದು ಅಂದ್ಯಲ್ಲ? ಹೊತ್ತು ನಿಂದು, ದುಡ್ಡೂ ನಿಂದು," ಎಂದಿದ್ದ. ಹೆಚ್ಚು ಮಾತಿನ ಮನುಷ್ಯನಲ್ಲ ಅವನು. ಆ ಒಂದು ಮಾತಿಗೆ ಬುರುಲ್ ಅವನ ಇಪ್ಪತ್ತು ವರ್ಷದ ಮೌನವನ್ನು ಕ್ಷಮಿಸಿದ್ದಳು.

ಹೊತ್ತು. ಅದೇ ಅವಳನ್ನು ಮೊದಲು ತಟ್ಟಿದ ಮಾತು. ಸಹಿ ಹಾಕುವ ದಿನ ನಾಜಿರಾ ಕಾಗದ ಓದಿ ಹೇಳಿದ್ದಳು: "ಈ ದುಡ್ಡು ನಿಮ್ಮ ರಕ್ತಕ್ಕಲ್ಲ ಎಜೆ. ರಕ್ತಕ್ಕೆ ಬೆಲೆ ಕಟ್ಟಕ್ಕಾಗಲ್ಲ. ನೀವು ಕೆಲಸ ಬಿಟ್ಟು ಬಂದು ನಮ್ಮ ಹತ್ರ ಕೂರ್ತೀರಲ್ಲ, ನಿಮ್ಮ ಆ ಹೊತ್ತಿಗೆ." ಬೆಳಗಾಗುವ ಮುಂಚೆ ಎದ್ದು ಒಲೆ ಹೊತ್ತಿಸುವ ಹೊತ್ತು, ಎರಡು ತಾಸಿಗೊಮ್ಮೆ ಕುದುರೆ ಕರೆಯುವ ಹೊತ್ತು, ಸಂಜೆ ಕುರಿ ಎಣಿಸುವ ಹೊತ್ತು ಇದೆಲ್ಲ ಮನೆಯದು, ದನಕರುಗಳದು, ಬಂದು ಹೋಗುವವರದು ಎಂದೇ ಅವಳು ತಿಳಿದಿದ್ದಳು. ಅದು ತನ್ನದು ಎಂದು ನಲವತ್ತೆರಡು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ತನಗೂ ತೋರಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಅವಳ ಅಪ್ಪ ಸತ್ತದ್ದು ಇದೇ ಕಾಯಿಲೆಯಿಂದ. ಕಾಲು ಕಂಬದ ಹಾಗೆ ಬಾತು, ಮಲಗಿದರೆ ಉಸಿರು ಸಿಗದೆ, ಮೂಟೆಗೆ ಒರಗಿ ಕೂತೇ ಎರಡು ತಿಂಗಳು ಕಳೆದಿದ್ದ. ಆಗ ಯಾರೂ ಬೆಟ್ಟ ಹತ್ತಿ ಬರಲಿಲ್ಲ. ವಯಸ್ಸಾಯಿತು ಎಂದರು. ಅವನಿಗೆ ಐವತ್ತೂ ತುಂಬಿರಲಿಲ್ಲ. ಹಾಗಾಗಿ ಈ ಡಾಕ್ಟರ್ ಹುಡುಗಿ ಜೀಪನ್ನು ಕೆಳಗೇ ಬಿಟ್ಟು, ಕುದುರೆ ಏರಿ, ಡಬ್ಬಿಗಳನ್ನು ಎದೆಗವಚಿಕೊಂಡು ಮೇಲೆ ಬಂದಾಗ ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು ಬುರುಲ್.

ಸಹಿ ಹಾಕಿಸುವಾಗ ನಾಜಿರಾ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಯಾವ ದಿನ ಬೇಕಾದರೂ ಬಿಟ್ಟುಹೋಗಬಹುದು, ಕೊಟ್ಟ ಹಣ ವಾಪಸ್ ಕೇಳುವುದಿಲ್ಲ. ಆದರೆ ಗುಳಿಗೆ ಮೈಗೆ ಆಗದಿದ್ದರೆ ಗುಳಿಗೆಯೂ ನಿಲ್ಲುತ್ತದೆ, ಮುಂದಿನ ಭೇಟಿಗಳೂ ಅವುಗಳ ದುಡ್ಡೂ ನಿಲ್ಲುತ್ತವೆ. "ಹಾಗೆ ಮಾಡಬಾರ್ದು ಅಂತ ನಾನು ಅಲ್ಲಿ ಹೇಳ್ದೆ. ನನ್ನ ಮಾತು ನಡೀಲಿಲ್ಲ," ಎಂದಿದ್ದಳು.

ಬುರುಲ್ ತನ್ನದೂ ಸೇರಿ ಮೂರು ಪುಸ್ತಕಗಳಲ್ಲೂ ಸಾಲಾಗಿ ನಗುವ ಮುಖಗಳಿಗೆ ಗುರುತು ಹಾಕಿದಳು. ಬಾತ್ಮಾಳ ಪುಸ್ತಕದಲ್ಲಿ ಗಂಡ ಬಂದ ದಿನ ಸಪ್ಪೆ.

*

ನಾಜಿರಾ ಬರುವಷ್ಟರಲ್ಲಿ ಕುರಿಮರಿ ಕಡಿದು, ಹಂಡೆಯಲ್ಲಿ ಬೇಯಲು ಹಾಕಿ ಆಗಿತ್ತು.

"ಅಪಾ, ಬೇಡ ಅಂತ ಹೋದ ಸಲಾನೇ ಕೈ ಮುಗಿದು ಹೇಳಿದ್ನಲ್ಲ! ನಾನು ನಿಮಗೆ ಕೊಡೋದು ಎಷ್ಟು, ಈ ಮರಿ ಬೆಲೆ ಎಷ್ಟು? ಬಿಷ್ಕೆಕ್‌ನಲ್ಲಿ ಗೊತ್ತಾದ್ರೆ ನನ್ನ ಕೆಲಸ ಹೋಗತ್ತೆ."

"ಗೊತ್ತು ಮಾಡ್ಬೇಡ ಹಾಗಾದ್ರೆ," ಎಂದಳು ಊಲ್ಕನ್ ಅಪಾ. "ಬಾಗಿಲಿಗೆ ಬಂದವಳಿಗೆ ಬರೀ ಚಹಾ ಕೊಟ್ಟು ಕಳಿಸ್ದೆ ಅಂತ ಗೊತ್ತಾದ್ರೆ ಇಲ್ಲಿ ನನ್ನ ಮಾನ ಹೋಗತ್ತೆ. ನಿನ್ನ ಕೆಲಸ ಇನ್ನೊಂದು ಸಿಗಬಹುದು."

ಹಿರಿಯ ಹೆಂಗಸಿಗೆ ಸಲ್ಲುವ ಬಾಲದ ಕಡೆಯ ಮಾಂಸವನ್ನು ಅಪಾ ತನ್ನ ಪಾಲು ಬಿಟ್ಟು ಆ ಮೂವತ್ತರ ಹುಡುಗಿಯ ತಟ್ಟೆಗೇ ಹಾಕಿದಳು. ನಾಜಿರಾ ಕೆಂಪಗಾದಳು. ಹುಳಿ ಬಂದ ಕುದುರೆ ಹಾಲಿನ ಕುಮಿಸ್ ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

"ನಿಮಗೆ ಎಷ್ಟು ಕೊಡ್ಬೇಕು ಅಂತ ಅಲ್ಲಿ ದೊಡ್ಡೋರು ಏಳು ಜನ ಕೂತು ಮೂರು ತಿಂಗಳು ಜಗಳ ಆಡಿದ್ರು, ಗೊತ್ತಾ?"

"ನಮ್ಮ ಮೇಲೆ ಜಗಳಾನಾ?" ಬಾತ್ಮಾ ಖುಷಿಯಿಂದ ಮುಂದೆ ಸರಿದಳು. "ಏನಂತೆ?"

"ಜಾಸ್ತಿ ಕೊಡಬಾರ್ದು ಅಂತ ಒಬ್ರು. ಕಮ್ಮಿ ಕೊಟ್ರೆ ಬಡವರ ಹೊತ್ತಿಗೆ ಬೆಲೆ ಇಲ್ಲ ಅಂದ ಹಾಗಾಗತ್ತೆ ಅಂತ ಇನ್ನೊಬ್ರು."

"ಆ ಎರಡನೆಯವರು ಒಳ್ಳೆಯವರು. ಅವರಿಗೆ ಒಂದು ಚೀಲ ಕುರುತ್ ಕಟ್ಟಿಕೊಡೋಣ ಅಪಾ."

"ಜಾಸ್ತಿ ಕೊಟ್ರೆ ಅವರಪ್ಪನ ಗಂಟು ಹೋಗ್ತಿತ್ತಾ?" ಎಂದಳು ಅಪಾ.

"ಹಾಗಲ್ಲ. ದುಡ್ಡಿನ ಆಸೆಗೆ ಜನ ಮೈಗೆ ಆಗದಿದ್ರೂ ಆಗತ್ತೆ ಅಂತಾರೆ, ಇರೋ ಕಾಯಿಲೆ ಮುಚ್ಚಿಡ್ತಾರೆ ಅಂತ ಅವರ ಭಯ."

ಸೌಟು ಹಿಡಿದ ಅಪಾಳ ಕೈ ಹಾಗೇ ನಿಂತಿತು. "ನಾವು? ದುಡ್ಡಿಗೆ ಸುಳ್ಳು ಹೇಳ್ತೀವಾ?"

"ನಾನು ಹಾಗಂದ್ನಾ ಅಪಾ? ಅವರು ನಿಮ್ಮನ್ನ ನೋಡಿಲ್ಲ."

"ನೋಡ್ಲಿ ಬಂದು. ಮಾಂಸ ಹಾಕ್ತೀನಿ, ಆಮೇಲೆ ಬೈತೀನಿ."

ಎಲ್ಲರೂ ನಕ್ಕರು. ಬುರುಲ್ ತೋಳಿನ ಮರೆಯಲ್ಲಿ ನಕ್ಕಳು, ಆದರೆ ನಗು ಪೂರ್ತಿ ಬರಲಿಲ್ಲ.

ಊಟವಾದ ಮೇಲೆ ನಾಜಿರಾ ಒಬ್ಬೊಬ್ಬರನ್ನೇ ದಿಂಬಿನ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಅಪಾಳ ಮೊಣಕೈ ಮೇಲೆ ಹಸಿರುಗಟ್ಟಿದ ಗಾಯವಿತ್ತು.

"ಇದೇನಿದು ಅಪಾ?"

"ಕುದುರೆ ಒದೀತು."

ನಾಜಿರಾ 'ಕುದುರೆ ಒದ್ದದ್ದು' ಎಂದು ಬರೆದುಕೊಂಡಳು. ಬುರುಲ್ ನೆಲ ನೋಡಿದಳು. ಯಾವ ಕುದುರೆಯೂ ಒದ್ದಿರಲಿಲ್ಲ. ಕಳೆದ ವಾರ ಕರೆದು ಮುಗಿಸಿ ಎದ್ದು ನಿಂತ ಅಪಾ, ನಿಂತ ಹಾಗೇ ಪಕ್ಕಕ್ಕೆ ವಾಲಿ, ಹಾಲಿನ ಬಕೀಟಿನ ಸಮೇತ ಉರುಳಿದ್ದಳು. ಎತ್ತಲು ಓಡಿದ ಬುರುಲ್‌ಗೂ ದಾರಿಯಲ್ಲಿ ಒಮ್ಮೆ ಕಣ್ಣು ಕತ್ತಲಿಟ್ಟಿತ್ತು. ಇಬ್ಬರೂ ಪರಸ್ಪರ ಮುಖ ನೋಡಿಕೊಂಡು ಚೆಲ್ಲಿದ ಹಾಲಿಗೆ ಮಣ್ಣು ಎಳೆದಿದ್ದರು.

"ನೀವು ಹೇಗಿದೀರಾ ಎಜೆ? ತಲೆ ಸುತ್ತು, ಕಣ್ಣು ಕತ್ತಲೆ, ಏನಾದ್ರೂ?"

"ದೇವರ ದಯೆ, ಚೆನ್ನಾಗಿದೀನಿ," ಎಂದಳು ಬುರುಲ್.

ಆ ಮಾತು ತಾನೇ ತಾನಾಗಿ ಬಂತು. ಮನೆಯೊಳಗೆ, ಹಾಸಿದ ಊಟದ ಬಟ್ಟೆಯ ಮುಂದೆ ಕೂತ ಅತಿಥಿ ಹೇಗಿದ್ದೀರಿ ಎಂದರೆ ಇನ್ನೇನು ಹೇಳಲು ಬರುತ್ತದೆ? ಹೆಣ ಒಳಗಿಟ್ಟುಕೊಂಡವರೂ ಮೊದಲು ಚೆನ್ನಾಗಿದ್ದೇವೆ ಎಂದು ಹೇಳಿಯೇ ಮುಂದಿನ ಮಾತಾಡುವುದು. ಅದರ ಮೇಲೆ ಈ ಹುಡುಗಿ ಕೈ ಎತ್ತಿ ಕೊಟ್ಟವಳು. ಕೊಟ್ಟ ಚಾದರವನ್ನು ಹೊದ್ದುಕೊಂಡು, ಇದು ಚುಚ್ಚುತ್ತದೆ ಎಂದು ಕೊಟ್ಟವರಿಗೇ ಹೇಳುವವರುಂಟೇ?

ನಾಜಿರಾ ಮೂರೂ ಪುಸ್ತಕಗಳನ್ನು ತಿರುವಿ ನೋಡಿದಳು. ಅವಳ ಮುಖ ಅರಳಿತು.

"ನಿಮ್ಮಿಂದ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? ಆಚೆ ಕಣಿವೆಯವರೂ ಹೀಗೇ ಹೇಳಿದಾರೆ, ಯಾರಿಗೂ ಏನೂ ತೊಂದರೆ ಇಲ್ಲ. ಹಾಗಾಗಿ ನಾಡಿದ್ದಿಂದ ಎಲ್ಲರಿಗೂ ಇದರ ಎರಡರಷ್ಟು ದೊಡ್ಡ ಗುಳಿಗೆ. ಇದು ಗೆದ್ರೆ ಮುಂದೆ ಈ ಘಾಟಿ ರಸ್ತೇಲಿ ಲಾರಿ ಓಡಿಸೋರಿಗೂ ಕೊಡಬಹುದು. ಎಷ್ಟು ಜೀವ ಉಳಿಯತ್ತೆ!" ಪುಸ್ತಕಗಳನ್ನು ಅವರ ಕೈಗೇ ವಾಪಸ್ ಕೊಟ್ಟಳು. "ಇನ್ನೆರಡು ದಿನದ ಸಾಲು ಉಳಿದಿದೆ. ನಾನು ಮೇಲಿನ ಬಿಡಾರಕ್ಕೆ ಹೋಗಿ ನಾಡಿದ್ದು ಬೆಳಿಗ್ಗೆ ಈ ಕಡೆಯಿಂದಾನೇ ಇಳೀತೀನಿ. ಆಗ ಪುಸ್ತಕ ತಗೊಂಡು ಹೊಸ ಡಬ್ಬಿ ಕೊಡ್ತೀನಿ."

ಹೊರಡುವಾಗ ಒಬ್ಬೊಬ್ಬರ ಕೈಗೂ ಲಕೋಟೆ ಕೊಟ್ಟು, ಬುರುಲ್‌ಳ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಳು. "ನೀವು ಮೊದಲು ಸಹಿ ಹಾಕದಿದ್ರೆ ಈ ಬೆಟ್ಟದಲ್ಲಿ ಯಾರೂ ಹಾಕ್ತಿರಲಿಲ್ಲ ಎಜೆ. ಮರೆಯಲ್ಲ ನಾನು."

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮತ್ತೆ ಕರೆಯುವ ಸರದಿ. ಬುರುಲ್ ಮರಿಯನ್ನು ಬಿಚ್ಚಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿಸಿ, ಹಾಲು ಇಳಿದ ಕೂಡಲೇ ಹಿಂದಕ್ಕೆ ಎಳೆದು ಹಿಡಿದಳು. ಅಪಾ ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದರ ಮೇಲೆ ಬಕೀಟು ಇಟ್ಟು, ಕುದುರೆಯ ಹೊಟ್ಟೆಗೆ ತಲೆ ಒತ್ತಿ ಕರೆದಳು. ಐದನೆಯ ಕುದುರೆ ಮುಗಿದು ಏಳುವಾಗ ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಬುರುಲ್ ಮರಿ ಬಿಟ್ಟು ಹಾರಿ ಅವಳ ಸೊಂಟ ಹಿಡಿದಳು. ಬಕೀಟು ಉಳಿಯಿತು.

ಕುದುರೆ ತಿರುಗಿ ನೋಡಿ ಮೂಸಿತು.

"ನನಗೂ ಹೀಗೇ ಆಗತ್ತೆ ಅಪಾ," ಎಂದಳು ಬುರುಲ್ ಮೆಲ್ಲಗೆ.

"ಗೊತ್ತು. ನೀನು ಹಗ್ಗ ಹಿಡ್ಕೊಂಡು ನಿಲ್ಲೋದು ನೋಡಿಲ್ವಾ ನಾನು? ಬಾತ್ಮಾನೂ ಮೊನ್ನೆ ಬಾಗಿಲ ಚೌಕಟ್ಟಿಗೆ ಹಣೆ ಹೊಡ್ಕೊಂಡ್ಳು. ಗಂಡ ಹೊಡೆದ ಅಂತ ನಾವು ತಮಾಷೆ ಮಾಡಿದ್ವಲ್ಲ."

"ಮತ್ತೆ ಹೇಳೋಣ್ವಾ?"

"ಯಾರಿಗೆ? ಆ ಹುಡುಗಿಗಾ?" ಅಪಾ ಉಸಿರು ಸರಿಮಾಡಿಕೊಂಡು ಬಕೀಟು ಎತ್ತಿದಳು. "ನೀನು ದುಡ್ಡು ನಿಲ್ಲತ್ತೆ ಅಂತ ಹೆದರಿದೀಯ ಅಂದ್ಕೊಂಡಿಲ್ಲ ನಾನು. ನನಗೂ ಅದಲ್ಲ. ಆಸ್ಪತ್ರೆ ಅಂದ್ರೆ ನಮ್ಮನ್ನ ಬಾಗಿಲಲ್ಲೇ ನಿಲ್ಲಿಸೋರು ಕಣೇ. ಇವಳು ನಮ್ಮ ಬಾಗಿಲಿಗೆ ಬಂದು, ಹೆಸರು ಹಿಡಿದು ಕರೆದು, ಇಲ್ಲೇ ಕೂತು ಉಣ್ತಾಳೆ. ಕೈಗೆ ದುಡ್ಡೂ ಇಟ್ಟು ಥ್ಯಾಂಕ್ಸ್ ಅಂತಾಳೆ. ಅಂಥವಳ ಮುಖಕ್ಕೆ ನಿನ್ನ ಗುಳಿಗೆ ಕೆಟ್ಟದ್ದು ಅನ್ನೋದಾ? ನಿನ್ನ ನಾಲಿಗೆ ಏಳತ್ತಾ? ನಂದು ಏಳಲ್ಲ."

"ಎರಡರಷ್ಟು ಅಂದ್ಳಲ್ಲ ಅಪಾ. ಬಿದ್ರೆ?"

"ಹುಲ್ಲಿನ ಮೇಲೆ ತಾನೆ ಬೀಳೋದು," ಎಂದು ಅಪಾ ಮುಂದಿನ ಕುದುರೆಯ ಕಡೆ ನಡೆದಳು. ನಡಿಗೆ ನೆಟ್ಟಗಿತ್ತು. ಬೇಕೆಂದೇ ನೆಟ್ಟಗಿತ್ತು.

ಕರೆದ ಹಾಲನ್ನು ಚರ್ಮದ ಚೀಲಕ್ಕೆ ಸುರಿದು, ಕಡೆಗೋಲಿನಿಂದ ಕಲಕಿ, ಬುರುಲ್ ತನ್ನ ಹಲಗೆಯ ಹತ್ತಿರ ಮರಳಿ ಬಂದಳು. ಬಟ್ಟೆಯಲ್ಲಿ ಇನ್ನೊಂದು ಸಾಲಿಗೆ ಆಗುವಷ್ಟು ಮೊಸರು ಉಳಿದಿತ್ತು. ಉಂಡೆ ಕಟ್ಟುತ್ತ ಕೂತಳು.

ಆ ಏಳು ಜನ ದೊಡ್ಡವರು ಮೂರು ತಿಂಗಳು ಹೆದರಿದ್ದು ಎಲ್ಲೋ, ಬೆಂಕಿ ಇದ್ದದ್ದು ಎಲ್ಲೋ. ದುಡ್ಡಿನ ಆಸೆ ಎಂದುಕೊಂಡರು ಪಾಪ. ಆಸೆ ಇಲ್ಲವೆಂದಲ್ಲ, ಅವಳ ನಾಲಿಗೆ ಆಗಲೇ ಹಲ್ಲಿನ ಸಂದಿಗೆ ಹೋಗಿ ಬಂದಿತ್ತು. ಆದರೆ ಅದೊಂದೇ ಆಗಿದ್ದರೆ ಇಷ್ಟು ಹೊತ್ತಿಗೆ ಬಾಯಿ ಬಿಡುತ್ತಿದ್ದಳು. ಬಾಯಿ ಕಟ್ಟಿದ್ದು ಕೃತಜ್ಞತೆ. ಯಾರಾದರೂ ಒಬ್ಬರು ತಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡರಲ್ಲ ಎಂಬ ಸಂತೋಷ. ಅದಕ್ಕೆ ಎಷ್ಟು ಕೊಡಬೇಕು, ಎಷ್ಟು ಕೊಡಬಾರದು ಎಂದು ಯಾವ ಕಾಗದದಲ್ಲಿ ಬರೆದಾರು?

ಆ ಹುಡುಗಿಗೆ ತಾವು ಏನೆಲ್ಲ ಕೊಟ್ಟಿದ್ದೇವೆ ಎಂದು ಯೋಚಿಸಿದಳು. ಕುರಿಮರಿ, ಕುಮಿಸ್, ಹಿರಿಯರ ಪಾಲಿನ ಮಾಂಸ. ಕೊನೆಯ ಭೇಟಿಗೆಂದು ಬಾತ್ಮಾ ಕೊಂಬಿನ ಚಿತ್ತಾರದ ಕಂಬಳಿಯೊಂದನ್ನು ಹೊಲಿಯುತ್ತಿದ್ದಾಳೆ. ಇವೆಲ್ಲ ಅವಳಿಗೆ ಬೆಟ್ಟದ ಯಾವ ಗುಡಾರದಲ್ಲೂ ಸಿಗುತ್ತಿತ್ತು. ಅವಳು ಅಷ್ಟು ದೂರದಿಂದ ಕೇಳಿಕೊಂಡು ಬಂದದ್ದು ಒಂದೇ ಒಂದು, ಹೇಗಿದ್ದೀರಿ ಎಂಬುದಕ್ಕೆ ಉತ್ತರ. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕೊಟ್ಟೆವು.

ಅಪ್ಪ ಮೂಟೆಗೆ ಒರಗಿ ಕೂತಿದ್ದ ಆ ಎರಡು ತಿಂಗಳು, ಬಂದವರೆಲ್ಲ ಹೇಗಿದ್ದೀಯ ಎಂದು ಕೇಳಿದ್ದರು. ಅವನೂ ಉಸಿರು ಎಳೆದೆಳೆದು ಹೇಳಿದ್ದ: ದೇವರ ದಯೆ, ಚೆನ್ನಾಗಿದ್ದೀನಿ.

ಉಂಡೆ ಕಟ್ಟುತ್ತಿದ್ದ ಕೈ ನಿಂತಿತು.

ಕೈ ಒರೆಸಿಕೊಂಡು ಪುಸ್ತಕ ತೆಗೆದಳು. ಹದಿನೆಂಟು ಮುಖಗಳು ಅವಳನ್ನು ನೋಡಿ ನಕ್ಕವು. ತಪ್ಪಾದರೆ ಅಳಿಸಬೇಡಿ ಎಂದು ನಾಜಿರಾ ಮೊದಲ ದಿನವೇ ಕಲಿಸಿದ್ದಳು. ಒಂದೇ ಗೀಟು ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಮೊದಲು ಏನಿತ್ತೆಂದು ಕಾಣುತ್ತಿರಲಿ, ಅದರಲ್ಲಿ ನಾಚಿಕೆಯಿಲ್ಲ. ಬುರುಲ್ ನೆನಪು ಮಾಡಿಕೊಂಡಳು. ಅಪಾ ಉರುಳಿದ ದಿನ ತನಗೂ ಆಗಿತ್ತು. ಉಣ್ಣೆ ಕತ್ತರಿಸಿದ ದಿನ ಎರಡು ಸಲ. ಹಳ್ಳದ ಹತ್ತಿರ ಕಲ್ಲು ಹಿಡಿದು ಕೂತದ್ದು ಗುರುವಾರ. ಆಗದ ದಿನಗಳೂ ಇದ್ದವು, ಅವು ನಗುತ್ತಲೇ ಇರಲಿ. ಅಪಾಳ ಪುಸ್ತಕ ಅಪಾಳದು, ಬಾತ್ಮಾಳದು ಬಾತ್ಮಾಳದು. ತಾನು ಹಾಕಿದ ಗುರುತುಗಳೇ ಆದರೂ ಅವನ್ನು ಮುಟ್ಟುವುದಿಲ್ಲ. ಆದರೆ ತಟ್ಟೆಯ ಸುತ್ತ ಹತ್ತು ಜನ ಕೂತಿದ್ದರೂ ಮೊದಲು ಒಬ್ಬರು ಕೈ ಹಾಕುವವರೆಗೆ ತಾನೆ ಎಲ್ಲರೂ ಕಾಯುವುದು.

ನಾಜಿರಾಗೆ ಇದನ್ನು ಹೇಳುವುದು ಇಲ್ಲಿ, ಈ ಗುಡಾರದೊಳಗೆ ಆಗದು. ಒಳಗೆ ಬಂದು, ಚಹಾ ಬಗ್ಗಿಸಿ, ರೊಟ್ಟಿ ಮುರಿದು, ಹೇಗಿದ್ದೀರಿ ಎಂದರೆ ಮತ್ತೆ ಅದೇ ಮಾತು ಬಾಯಿಗೆ ಬರುತ್ತದೆ. ನಾಡಿದ್ದು ಅವಳು ಮೇಲಿನಿಂದ ಇಳಿಯುವಾಗ ಹಳ್ಳ ದಾಟಿಯೇ ಬರಬೇಕು. ಹಳ್ಳದಲ್ಲಿ ಯಾರೂ ಅತಿಥಿಯಲ್ಲ, ಯಾರೂ ಮನೆಯವರಲ್ಲ.

ಉಳಿದ ಎರಡು ಭೇಟಿ ತಪ್ಪಿದರೂ ಕೈಗೆ ಬಂದ ದುಡ್ಡು ಒಂದು ಹಲ್ಲಿಗಾದರೂ ಸಾಲುತ್ತದೇನೋ. ಒಂದೇ ಹಲ್ಲು ಕಟ್ಟಿಸಿಕೊಂಡ ತನ್ನ ಮುಖವನ್ನು ಊಹಿಸಿ ಅವಳಿಗೆ ನಗು ಬಂತು. ಎರಡೂ ಕೈಯಲ್ಲಿ ಪೆನ್ಸಿಲು, ಪುಸ್ತಕ ಇದ್ದುದರಿಂದ ಬಾಯಿ ಮುಚ್ಚಿಕೊಳ್ಳಲಾಗಲಿಲ್ಲ.

"ಏನೇ ಅದು, ಒಬ್ಬಳೇ ನಗ್ತಾ ಕೂತಿದೀಯ?" ಒಳಗಿನಿಂದ ಅಪಾಳ ದನಿ.

"ಏನಿಲ್ಲ ಅಪಾ," ಎಂದಳು ಬುರುಲ್, ಮೊದಲ ಗೀಟು ಎಳೆಯುತ್ತ. "ನಾಡಿದ್ದು ಬೆಳಿಗ್ಗೆ ಹಳ್ಳದಿಂದ ನೀರು ನಾನೇ ತರ್ತೀನಿ. ನೀವು ಏಳಬೇಡಿ."